ಆಕಾಶ ಕೇಳಿದ ಎರಡನೆಯ ಕಿಡಿ

ಒಂದಾನೊಂದು ಕಾಲದಲ್ಲಿ ಒಂದು ಎಂಜಿನ್ ಇತ್ತಂತೆ. ಕೆಂಪು ಸ್ಪೋರ್ಟ್ಸ್ ಕಾರೊಂದರ ಬೆನ್ನಲ್ಲಿ ಅದರ ಮನೆ. ರಸ್ತೆಯಲ್ಲಿ ಓಡಿ ಓಡಿ ಬೇಸರವಾಗಿ ಒಂದು ದಿನ ಅದು ಸರೋವರದ ಹತ್ತಿರ ಹೋಗಿ, "ನನ್ನನ್ನು ದೋಣಿಯಲ್ಲಿ ಇಟ್ಟುಕೊಳ್ಳುತ್ತೀಯಾ?" ಎಂದು ಕೇಳಿತು. "ಬಾ," ಅಂದಿತು ಸರೋವರ. "ಉಸಿರು ನಿಂತರೆ ಹೆದರಬೇಡ, ತೇಲಿಸಿಕೊಂಡು ದಡ ಸೇರಿಸುತ್ತೇನೆ." ಎಂಜಿನ್ನಿನ ಆಸೆ ಇನ್ನೂ ಬೆಳೆಯಿತು. ತಲೆಯೆತ್ತಿ ಆಕಾಶವನ್ನು ಕೇಳಿತು. ಆಕಾಶ ಮಾತ್ರ, "ನನ್ನಲ್ಲಿ ಕೂತು ದಣಿವಾರಿಸಿಕೊಳ್ಳಲು ಕಟ್ಟೆಯಿಲ್ಲ, ಕೈಚಾಚಿ ಹಿಡಿಯಲು ದಡವಿಲ್ಲ. ನಿನ್ನಲ್ಲಿರುವುದು ಒಂದೇ ಕಿಡಿ. ಎರಡು ತಂದರೆ ಬಾ," ಅಂದಿತು.

ಬೋಡೆನ್ ಸರೋವರದ ಉತ್ತರ ದಡದಲ್ಲಿ, ಸೇಬಿನ ತೋಟಗಳ ನಡುವಿನ ಒಂದು ಹಳೆಯ ಶೆಡ್ಡಿನಲ್ಲಿ, ಆ ಎರಡನೆಯ ಕಿಡಿಗೆ ಜಾಗ ಮಾಡಿಕೊಡುವವರು ಲಿಯೋಬಾ ರುಂಡೆಲ್.

ಮಾರ್ಚ್ ತಿಂಗಳ ಬೆಳಗು. ಸರೋವರದಿಂದೆದ್ದ ಮಂಜು ಕಿಟಕಿಯ ಗಾಜಿಗೆ ಹತ್ತಿಯಂತೆ ಅಂಟಿದೆ. ಲಿಯೋಬಾ ದೀಪ ಹಚ್ಚಿ, ನೀಲಿ ಚೌಕಳಿಯ ಮೇಜುಬಟ್ಟೆಯ ಗಂಟೊಂದನ್ನು ಬಿಚ್ಚುತ್ತಿದ್ದಾರೆ. ಒಳಗಿರುವುದು ಎಂಜಿನ್ನಿನ ಸಿಲಿಂಡರಿನ ತಲೆಗೆ ಕೂರುವ ಅಲ್ಯೂಮಿನಿಯಂ ಮುಚ್ಚಳ, ಸಿಲಿಂಡರ್ ಹೆಡ್. ಎರಡೂ ಅಂಗೈ ತುಂಬುವಷ್ಟು ದೊಡ್ಡದು, ಸುತ್ತ ಮೀನಿನ ಕಿವಿರಿನಂಥ ಪದರಗಳು. ಇಂಥವು ಒಂದು ಎಂಜಿನ್ನಿಗೆ ಆರು. ಐದು ಕಪಾಟಿನಲ್ಲಿ ಸಿದ್ಧವಾಗಿ ಕೂತು ಎಷ್ಟೋ ಚಳಿಗಾಲ ಕಳೆದಿವೆ. ಇದು ಆರನೆಯದು.

ಬಾಗಿಲು ತಳ್ಳಿಕೊಂಡು ಓಯ್ಗೆನ್ ಬರುತ್ತಾರೆ. ಪಕ್ಕದ ಹುಲ್ಲುಗಾವಲಿನಲ್ಲಿ ಎಂಜಿನ್ನಿಲ್ಲದ ವಿಮಾನ ಹಾರಿಸುವ ಗ್ಲೈಡರ್ ಕ್ಲಬ್ಬಿನ ಹಿರಿಯ ಪೈಲಟ್. ಕೈಯಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್‌ ರೊಟ್ಟಿಯ ಪೊಟ್ಟಣ.

"ಏನು ಲಿಯೋಬಾ, ಇವತ್ತಾದ್ರೂ ಅದಕ್ಕೆ ಗಳಿಗೆ ಕೂಡಿಬಂತಾ? ಇಲ್ಲ, ಮತ್ತೆ ಹೊದಿಸಿ ಮಲಗಿಸ್ತೀಯಾ?"

"ಮೊದಲು ಬಾಗಿಲು ಹಾಕು. ಆಮೇಲೆ ಬಾಯಿ."

"ಗೆಬ್‌ಹಾರ್ಟ್ ಇದ್ದಿದ್ರೆ ಇಷ್ಟು ಹೊತ್ತಿಗೆ ನಿನ್ನ ಕೆಲಸದಿಂದ ಓಡಿಸಿರ್ತಿದ್ದ."

"ಅವನೇ ನನ್ನ ಹತ್ರ ಆಳಾಗಿದ್ದ ಕಣೋ," ಎಂದು ಲಿಯೋಬಾ ನಗುತ್ತಾರೆ. ನಗು ಅರ್ಧದಲ್ಲೇ ನಿಲ್ಲುತ್ತದೆ.

ಗೆಬ್‌ಹಾರ್ಟ್ ಲಿಯೋಬಾರ ತಮ್ಮ. ಮೇಜಿನ ಮೇಲಿರುವುದು ಅವನ ಎಂಜಿನ್ನಿನ ತುಂಡು.

ಇಂಧನಕ್ಕೆ ಕಿಡಿ ಹಚ್ಚಲು ಕಾರಿಗೆ ಪ್ರತಿ ಸಿಲಿಂಡರಿಗೂ ಒಂದು ಸ್ಪಾರ್ಕ್ ಪ್ಲಗ್ ಸಾಕು. ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಿ ಬೈದುಕೊಂಡರಾಯಿತು. ಅದೇ ಎಂಜಿನ್ನನ್ನು ವಿಮಾನಕ್ಕೆ ಕೂರಿಸಬೇಕಾದರೆ ಎರಡೆರಡು ಪ್ಲಗ್ ಬೇಕು, ಎರಡಕ್ಕೂ ಬೇರೆ ಬೇರೆ ತಂತಿ, ಕಿಡಿಗೆ ವಿದ್ಯುತ್ ಕೊಡುವ ಬೇರೆ ಬೇರೆ ಕಾಯಿಲ್. ಒಂದು ದಾರಿ ಸತ್ತರೂ ಇನ್ನೊಂದು ಉರಿಯುತ್ತಿರಬೇಕು. ಆ ಎರಡನೆಯ ಪ್ಲಗ್ಗಿಗೆ ಕಾರಖಾನೆಯವರು ಜಾಗ ಬಿಟ್ಟಿರುವುದಿಲ್ಲ. ಹೆಡ್ಡಿನ ಕೆಳಬದಿಯಲ್ಲಿ, ವಾಲ್ವ್ ಕೂರುವ ಅಂಚಿಗೂ ಹೊರಗಿನ ಪದರಕ್ಕೂ ನಡುವೆ ತುಸುವೇ ಲೋಹವಿದೆ. ಅಲ್ಲಿ ಓರೆಯಾಗಿ ತೂತು ಕೊರೆದು, ಒಳಗೆ ತಿರುಪಿನ ಥ್ರೆಡ್ ಕತ್ತರಿಸಬೇಕು. ಕೈ ಜಾರಿದರೆ ಹೆಡ್ಡು ಗುಜರಿಗೆ.

ದೋಣಿಗಾದರೆ ಕೆಲಸವೇ ಬೇರೆ. ದೋಣಿ ವೇಗ ಹಿಡಿದಾಗ ಮೂಗೆತ್ತುತ್ತದೆ, ಎಂಜಿನ್ನಿನ ಎಣ್ಣೆಯೆಲ್ಲ ಹಿಂದಕ್ಕೆ ಹರಿಯುತ್ತದೆ. ಅದಕ್ಕೆ ತಳದ ಎಣ್ಣೆತೊಟ್ಟಿಯನ್ನೇ ಹೊಸದಾಗಿ ಕಟ್ಟಬೇಕು. ಹೊಗೆ ಕೊಳವೆ ಮರಕ್ಕೆ ಬೆಂಕಿ ಹಚ್ಚದಂತೆ ಅದರ ಸುತ್ತ ನೀರು ಹರಿಸಬೇಕು. ಇದನ್ನೂ ಲಿಯೋಬಾ ಮಾಡುತ್ತಾರೆ. ಮನೆಯ ಒಲೆ ಉರಿಯುವುದು ದೋಣಿಗಳಿಂದಲೇ. ದೋಣಿಯ ಮೇಲೆ ಮಾಲೀಕನ ಹೆಂಡತಿಯ ಹೆಸರು ಬರೆಯುತ್ತಾರೆ, ವಿಮಾನದ ಬಾಗಿಲಲ್ಲಿ ಪೈಲಟ್ಟಿನ ಹೆಸರು. ಲಿಯೋಬಾರ ಹೆಸರು ಎಲ್ಲಿಯೂ ಇಲ್ಲ.

"ಕಾರಿನವರು ಮುಚ್ಚಳ ಎತ್ತಿ ಎಂಜಿನ್ನು ನಾಲ್ಕು ಜನಕ್ಕೆ ತೋರಿಸ್ತಾರೆ," ಎನ್ನುತ್ತಾರೆ ಅವರು. "ನಾನು ಕೊರೆದ ತೂತು ಹೊಟ್ಟೆ ಕೆಳಗಿರತ್ತೆ. ನೋಡ್ಬೇಕು ಅಂದ್ರೆ ಹುಲ್ಲಿನ ಮೇಲೆ ಅಂಗಾತ ಮಲಗ್ಬೇಕು. ಯಾರಿಗೆ ಬೇಕು ಅದು?"

ಗೆಬ್‌ಹಾರ್ಟ್ ಕಟ್ಟಿದ್ದು ಇಬ್ಬರು ಕೂರುವ ಮರದ ವಿಮಾನ. ಉರುಳಿ ಬಿದ್ದ ಸ್ಪೋರ್ಟ್ಸ್ ಕಾರೊಂದರಿಂದ ಎಂಜಿನ್ ಬಿಚ್ಚಿ ತಂದು, ಅಕ್ಕ ತಮ್ಮ ಇಬ್ಬರೂ ಸೇರಿ ಅದನ್ನು ಹಾರಾಟಕ್ಕೆ ಒಗ್ಗಿಸುತ್ತಿದ್ದರು. ಹೆಡ್ಡುಗಳನ್ನು ಕೊರೆಯುವುದೊಂದೇ ಬಾಕಿ. ಅಷ್ಟರಲ್ಲಿ ಒಬ್ಬರ ದೋಣಿ ಬಂತು. ಋತು ಶುರುವಾಗುವ ಮೊದಲು ನೀರಿಗಿಳಿಯಬೇಕು ಎಂದು ಅವಸರ. ತಮ್ಮ ದಿನಾ ಬಂದು ಬಾಗಿಲಲ್ಲಿ ನಿಂತು, "ನಂದು ಯಾವಾಗ ಅಕ್ಕಾ?" ಎನ್ನುತ್ತಿದ್ದ. ಲಿಯೋಬಾ ತಲೆಯೆತ್ತದೆ ಹೇಳುತ್ತಿದ್ದರು: "ಮೊದಲು ದೋಣಿ. ಆಮೇಲೆ ನಿಂದು."

ಅವನು ತಡೆಯಲಾರದೆ, ಒಂದೇ ಕಿಡಿಯ ಎಂಜಿನ್ನನ್ನು ಹಾಗೆಯೇ ಜೋಡಿಸಿಕೊಂಡ. ಹಾರುವುದಿಲ್ಲ, ಹುಲ್ಲಿನ ಮೇಲೆ ಸುಮ್ಮನೆ ಓಡಿಸಿ ನೋಡುತ್ತೇನೆ ಅಂದ. ಹಾರುವವರೆಲ್ಲ ಹೀಗೆಯೇ ಹೇಳುವುದು. ಓಡುತ್ತ ಓಡುತ್ತ ಚಕ್ರ ಹಗುರಾಗುತ್ತದೆ, ಒಂದು ಸಣ್ಣ ಜಿಗಿತ, ಅಷ್ಟೆ ಅನ್ನಿಸುತ್ತದೆ. ಹುಲ್ಲು ಮುಗಿಯಿತು, ಮುಂದೆ ಸರೋವರ.

"ನಾನು ಇಲ್ಲೇ, ಈ ಮೇಜಿನ ಮುಂದೆ ದೋಣಿ ಕೊಳವೆ ಹಿಡ್ಕೊಂಡು ನಿಂತಿದ್ದೆ," ಎನ್ನುತ್ತಾರೆ ಲಿಯೋಬಾ. "ಸದ್ದು ತಲೆ ಮೇಲೆ ಹೋಯ್ತು. ಕಳ್ಳ, ಹಾರೇಬಿಟ್ಟ ಅಂತ ನಕ್ಕೆ. ಆಮೇಲೆ ಸದ್ದು ನಿಂತುಹೋಯ್ತು. ಕ್ಷೀಣ ಆಗ್ಲಿಲ್ಲ, ದೂರ ಹೋಗ್ಲಿಲ್ಲ. ನಿಂತೇಹೋಯ್ತು."

ಕಾಯಿಲ್ಲಿನ ತಂತಿಯೊಂದು ಅದುರಿ ಕಳಚಿಕೊಂಡಿತ್ತು. ವಿಮಾನವನ್ನು ಅವನು ನೀರಿನ ಮೇಲೆ ಮೆತ್ತಗೇ ಇಳಿಸಿದ್ದ. ಮೈಯಲ್ಲಿ ಒಂದೂ ಗಾಯವಿರಲಿಲ್ಲ. ಅವನನ್ನು ಕೊಂದದ್ದು ಮಾರ್ಚ್ ತಿಂಗಳ ನೀರಿನ ಚಳಿ.

ಆಗ ಅವನ ಮಗಳು ತೆಕ್ಲಾ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು.

ದಡದ ಜೊಂಡಿನ ಬಳಿ ಮುಳುಗಿದ್ದ ವಿಮಾನವನ್ನು ಅಗ್ನಿಶಾಮಕದವರು ಎಳೆದು ತಂದಾಗ, ಲಿಯೋಬಾ ಎಂಜಿನ್ನನ್ನು ಬಿಚ್ಚಿ, ಒಂದೊಂದು ತುಂಡನ್ನೂ ಒರೆಸಿ ಎಣ್ಣೆ ಹಚ್ಚಿಟ್ಟರು. ತೆಕ್ಲಾ ಶಾಲೆಗೆ ಹೋಗುವ ವಯಸ್ಸಿನಲ್ಲೇ ಗ್ಲೈಡರ್ ಏರಿದಳು. ಮೊದಲ ಬಾರಿ ಒಬ್ಬಳೇ ಹಾರಿ ಇಳಿದವರಿಗೆ ಇಲ್ಲೊಂದು ಶಾಸ್ತ್ರವಿದೆ. ಕ್ಲಬ್ಬಿನವರೆಲ್ಲ ಸಾಲಾಗಿ ನಿಂತು ಕುಂಡೆಗೆ ಒಂದೊಂದು ಏಟು ಹಾಕುತ್ತಾರೆ, ಕೈಗೆ ಮುಳ್ಳುಗಿಡಗಳ ಗುಚ್ಛ ಕೊಡುತ್ತಾರೆ. ಬರಿಗೈಯಲ್ಲೇ ಹಿಡಿಯಬೇಕು. ಅಂದು ಮುಳ್ಳು ಕಿತ್ತು ತಂದದ್ದು ಲಿಯೋಬಾ, ಅವರೂ ಬರಿಗೈಯಲ್ಲೇ. ಗುಚ್ಛ ಕೊಡುವಾಗ ಬಾಯಿಂದ ಮಾತು ಬಿದ್ದುಹೋಯಿತು: "ನಿನ್ನಪ್ಪನ ಎಂಜಿನ್ನು ನಿಂಗೆ ಸರಿಮಾಡಿ ಕೊಡ್ತೀನಿ ಮರಿ. ಎರಡು ಕಿಡಿ ಹಾಕಿ."

ಐದು ಹೆಡ್ಡು ಕೊರೆದರು. ಆರನೆಯದಕ್ಕೆ ಬಂದಾಗ ಕೈ ಓಡಲಿಲ್ಲ. ಅಪರಿಚಿತರ ಎಂಜಿನ್ನುಗಳೆಷ್ಟೋ ಈ ಮೇಜಿನಿಂದ ಆಕಾಶಕ್ಕೆ ಹೋದವು, ತಮ್ಮನದು ಮೇಜುಬಟ್ಟೆಯಲ್ಲೇ ಉಳಿಯಿತು. "ಕೊರೆದು ಮುಗಿಸಿದ್ರೆ ಇವಳು ಹಾರ್ತಾಳೆ," ಎನ್ನುತ್ತಾರೆ ಲಿಯೋಬಾ. "ಕೊರೀದೆ ಇದ್ರೆ ಕೊಟ್ಟ ಮಾತು ತಿಂದ ಹಾಗೆ. ನಡುವೆ ಕೂತು ಮುದುಕಿ ಆದೆ."

ಈಗ ಹೆಬ್ಬೆರಳಿನ ಕೀಲು ಊದಿಕೊಂಡಿದೆ. ಇನ್ನೊಂದು ಚಳಿಗಾಲಕ್ಕೆ ಈ ಕೈ ಉಪಕರಣ ಹಿಡಿಯುವುದು ಅನುಮಾನ. ಅತ್ತ ತೆಕ್ಲಾ ಕ್ಲಬ್ಬಿನವರ ಜೊತೆ ಸೇರಿ ಅಪ್ಪನ ವಿಮಾನವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾಳೆ. ಅದರ ಮೂಗು ಇನ್ನೂ ಖಾಲಿ. ಕಳೆದ ವಾರ ಬಂದು ಇದೇ ಸ್ಟೂಲಿನ ಮೇಲೆ ಕೂತಿದ್ದಳಂತೆ.

"ಅತ್ತೆ, ಕ್ಲಬ್ಬಿನವರು ಹೊಸ ಎಂಜಿನ್ ಕೊಂಡು ಹಾಕೋಣ ಅಂತಿದಾರೆ. ಅಪ್ಪಂದು ಗಾಜಿನ ಪೆಟ್ಟಿಗೇಲಿ ಇಡೋಣ ಅಂತ."

"ನಿಂಗೇನು ಬೇಕು?"

"ನಂಗೆ ಅಪ್ಪ ಬೇಕಿತ್ತು. ಅದಾಗಲ್ಲ. ಅವನ ಸದ್ದಾದ್ರೂ ಕೇಳ್ಬೇಕು."

ಅದಕ್ಕೇ ಇವತ್ತು ಗಂಟು ಬಿಚ್ಚಿದ್ದು.

ಕೊರೆಯುವ ಯಂತ್ರ ಕೆಳಗಿಳಿಯುತ್ತದೆ. ಅಲ್ಯೂಮಿನಿಯಂನ ಬಿಳಿ ಸುರುಳಿಗಳು ಸೇಬಿನ ಸಿಪ್ಪೆಯಂತೆ ಎದ್ದು ಬೀಳುತ್ತವೆ. ಓಯ್ಗೆನ್ ಬ್ರೆಟ್ಸೆಲ್ ಅಗಿಯುವುದನ್ನೂ ಮರೆತಿದ್ದಾರೆ. ತೂತು ಮುಗಿದ ಮೇಲೆ ಥ್ರೆಡ್ಡಿನ ಕೆಲಸ ಕೈಯಲ್ಲೇ. ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ. ನೋವಿಗೆ ಲಿಯೋಬಾ ತುಟಿ ಕಚ್ಚುತ್ತಾರೆ.

"ನಾನು ಹಿಡ್ಕೊಳ್ಳಾ?"

"ನೀನು ತಿಂಡಿ ಹಿಡ್ಕೋ."

ಕೊನೆಗೆ ಹೊಸ ಪ್ಲಗ್ಗೊಂದನ್ನು ಬೆರಳ ತುದಿಯಲ್ಲೇ ತಿರುಗಿಸುತ್ತಾರೆ. ಅದು ಸದ್ದಿಲ್ಲದೆ ಒಳಗೆ ಕೂರುತ್ತದೆ. ಲಿಯೋಬಾ ಸ್ಟೂಲಿನ ಮೇಲೆ ಕುಸಿದು, ಏಪ್ರನ್ನಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಓಯ್ಗೆನ್ ಕಿಟಕಿಯ ಕಡೆ ತಿರುಗುತ್ತಾರೆ, ಅಲ್ಲಿ ಮಂಜಲ್ಲದೆ ಏನೂ ಇಲ್ಲ.

ಸೇಬಿನ ತೋಟ ಹೂ ಬಿಡುವ ಹೊತ್ತಿಗೆ ಎಂಜಿನ್ ವಿಮಾನದ ಮೂಗಿನಲ್ಲಿ ಕೂತಿದೆ. ಬಾಲಕ್ಕೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿದ್ದಾರೆ, ಚಕ್ರಕ್ಕೆ ಮರದ ತುಂಡು ಕೊಟ್ಟಿದ್ದಾರೆ. ಒಳಗೆ ತೆಕ್ಲಾ. ಬೆಂಕಿ ಆರಿಸುವ ಡಬ್ಬಿ ಹಿಡಿದು ಓಯ್ಗೆನ್. ರೆಕ್ಕೆಯ ತುದಿಯಾಚೆ ಲಿಯೋಬಾ.

ಪ್ರೊಪೆಲ್ಲರ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯುತ್ತದೆ. ಉದುರಿದ ಹೂವಿನ ಎಸಳೆಲ್ಲ ಹಿಂದಕ್ಕೆ ಹಾರುತ್ತವೆ. ತಾನು ಹುಟ್ಟುವ ಮುಂಚೆ ನಿಂತುಹೋದ ಸದ್ದನ್ನು ತೆಕ್ಲಾ ಮೊದಲ ಸಲ ಕೇಳುತ್ತಿದ್ದಾಳೆ. ಅವಳ ಗಲ್ಲ ಒದ್ದೆಯಾಗಿದೆ, ಆದರೆ ಕಣ್ಣು ಅತ್ತೆಯ ಮೇಲೇ ಇದೆ.

ಲಿಯೋಬಾ ಒಂದು ಬೆರಳು ಎತ್ತುತ್ತಾರೆ. ತೆಕ್ಲಾ ಮೊದಲನೆಯ ಕಿಡಿಯ ಸ್ವಿಚ್ ಆರಿಸುತ್ತಾಳೆ.

ಸದ್ದು ತುಸು ತಗ್ಗುತ್ತದೆ. ಲಿಯೋಬಾ ಎತ್ತಿದ ಕೈ ಇಳಿಸುವುದಿಲ್ಲ. ಇಷ್ಟು ವರ್ಷ ಕಿವಿಯಲ್ಲಿ ಕೂತಿದ್ದ ಆ ಮೌನ ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವರ ಮೈಯೆಲ್ಲ ಕಾಯುತ್ತಿದೆ. ಅದು ಬರುವುದಿಲ್ಲ. ಎಂಜಿನ್ ತಿರುಗುತ್ತಲೇ ಇದೆ. ಎರಡು ಬೆರಳು. ಮೊದಲನೆಯದನ್ನು ಹಚ್ಚಿ, ತೆಕ್ಲಾ ಎರಡನೆಯದನ್ನು ಆರಿಸುತ್ತಾಳೆ. ಆಗಲೂ ತಗ್ಗುತ್ತದೆ, ನಿಲ್ಲುವುದಿಲ್ಲ.

ಎಲ್ಲ ಆರಿಸಿದ ಮೇಲೆ ತೆಕ್ಲಾ ಬಾಗಿಲು ತೆರೆದು, "ಅತ್ತೆ, ಸರಿ ಇತ್ತಾ?" ಎಂದು ಕೂಗುತ್ತಾಳೆ. ಲಿಯೋಬಾ ವಿಮಾನದ ಮೂಗಿನ ಹತ್ತಿರ ಹೋಗಿ, ಬೆಚ್ಚಗಿನ ತಗಡಿನ ಮೇಲೆ ಊದಿದ ಕೈಯಿಟ್ಟು, ಬಗ್ಗಿ ಮೆಲ್ಲಗೆ ಹೇಳುತ್ತಾರೆ:

"ನಿಂದು ಆಯ್ತು ಕಣೋ."