ಒಂದೇ ಸಾಲಿನ ಆರು ಹೊಂಡ

ಹನಕೆರೆಯ ಹತ್ತಿರದ ಆ ಜಮೀನಿನಲ್ಲಿ ನಿಂತರೆ ರೈಲು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ನಾಲ್ಕೂ ಕಡೆ ತಲೆ ಮೀರಿ ಬೆಳೆದ ಕಬ್ಬು. ನಡುವೆ ಒಂದೇ ಸಾಲಿನಲ್ಲಿ ಆರು ಮೀನಿನ ಹೊಂಡ, ಸಾಲಿನ ತುದಿಗೆ ಒಂದು ಹೆಂಚಿನ ಮನೆ, ಆ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ನಾನು. ವಿಶ್ವವಿದ್ಯಾಲಯದವರು ಇದನ್ನು ರೈತರ ಜಮೀನಿನಲ್ಲಿ ಪ್ರಾಯೋಗಿಕ ಕಲಿಕೆ ಎಂದು ಕರೆಯುತ್ತಿದ್ದರು. ನಾನು ಮನಸ್ಸಿನಲ್ಲೇ ಜೈಲು ಎನ್ನುತ್ತಿದ್ದೆ.

ಮೀನು ಸಾಕಣೆಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ, ಕೊನೆಯ ವರ್ಷ. ನನ್ನ ಪ್ರಯೋಗ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಹುಳ ಉಳಿಯುತ್ತದಲ್ಲ, ಅದನ್ನು ಒಣಗಿಸಿ ಪುಡಿ ಮಾಡಿ ತೌಡಿನ ಜೊತೆ ಕಲಸಿ ಹಾಕಿದರೆ ಮೀನು ಬೇಗ ಬೆಳೆಯುತ್ತದೆಯೇ ಎಂದು ನೋಡುವುದು. ಒಂದು ಹೊಂಡಕ್ಕೆ ಹುಳದ ಮೇವು, ಅದರ ಪಕ್ಕದ್ದಕ್ಕೆ ಬರೀ ತೌಡು ಮತ್ತು ಕಡಲೆಕಾಯಿ ಹಿಂಡಿ. ಹೀಗೆ ಒಂದು ಬಿಟ್ಟು ಒಂದು. ಹದಿನೈದು ದಿನಕ್ಕೊಮ್ಮೆ ಬಲೆ ಎಳೆದು ತೂಕ ನೋಡಬೇಕು. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ ಅದೇ ನನ್ನ ಪ್ರಬಂಧ.

ಕರಾವಳಿಯ ಒಂದು ಮೀನುಮರಿ ಕೇಂದ್ರದವರು ಕೆಲಸ ಕೊಡಲು ಒಪ್ಪಿದ್ದರು. ಷರತ್ತು ಒಂದೇ, ಈ ಮೀನಿನ ಬೆಳೆ ಮುಗಿಯುತ್ತಿದ್ದಂತೆ ಪ್ರಬಂಧ ಒಪ್ಪಿಸಿ ಬರಬೇಕು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಅಲ್ಲಿನ ಸಂಬಳ ಎಷ್ಟೆಂದು ಸರಿಯಾಗಿ ಕೇಳಿಯೂ ಇರಲಿಲ್ಲ. ಹುಟ್ಟಿದ್ದು ಮಳವಳ್ಳಿ, ಓದಿದ್ದು ಮಂಡ್ಯ, ಸಂತೆ ಸಿನಿಮಾ ಎಲ್ಲ ಮದ್ದೂರು. ಕಣ್ಣು ಹಾಯಿಸಿದಷ್ಟು ದೂರ ಏನೂ ಅಡ್ಡ ಬಾರದ ಕಡೆ ಒಮ್ಮೆಯಾದರೂ ಇರಬೇಕು ಎಂಬುದು ನನ್ನ ಹುಚ್ಚು. ಅಮ್ಮ ಮಾತ್ರ ಫೋನಿನಲ್ಲಿ, "ಮನೆಗೆ ಅತ್ರದಲ್ಲೇ ಇದ್ದೀಯಲ್ಲ, ಅದೇ ಪುಣ್ಯ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಹತ್ತಿರವಿದ್ದು ಏನು ಬಂತು? ಮೀನಿಗೆ ಬೆಳಿಗ್ಗೆ ಮೇವು ಹಾಕಬೇಕು, ಸಂಜೆ ಹಾಕಬೇಕು. ಚಿಕ್ಕಪ್ಪನ ಮಗಳ ಮದುವೆಗೆ ಮಳವಳ್ಳಿಗೆ ಹೋದವಳು ಧಾರೆ ಮುಗಿಯುವ ಮೊದಲೇ ಬಸ್ಸು ಹತ್ತಿದೆ. ಮೋಡ ಕವಿದು ಸೆಖೆಯಾದರೆ ನೀರಿನಲ್ಲಿ ಗಾಳಿ ಕಡಿಮೆಯಾಗಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಆಗ ಮೋಟಾರು ಹಾಕಿ ನೀರು ಚಿಮ್ಮಿಸಬೇಕು, ಕರೆಂಟು ಇರುವುದಿಲ್ಲ. ಕೊಡದಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ನಿಂತರೆ, ಮೀನಿಗಿಂತ ಮೊದಲು ನನಗೇ ಉಸಿರು ನಿಲ್ಲುತ್ತದೆ ಅನ್ನಿಸುತ್ತಿತ್ತು.

ಆಗಾಗ ಪದವಿ ವಿದ್ಯಾರ್ಥಿಗಳು ವ್ಯಾನಿನಲ್ಲಿ ಬರುತ್ತಿದ್ದರು. ಪ್ಯಾಂಟು ಮಡಿಸಿ ಕೆಸರಿಗಿಳಿದು ಬಲೆ ಎಳೆಯುವುದು, ಮೇವಿನ ಉಂಡೆ ಕಟ್ಟುವುದು, ಮೀನಿನ ಕಿವಿರು ಬಿಡಿಸಿ ನೋಡುವುದು ಎಲ್ಲವನ್ನೂ ನಾನೇ ಕಲಿಸಬೇಕು. ಮೊದಲ ಸಲ ಬಲೆ ಹಿಡಿದವರು ಬಲೆಯೊಳಗೆ ತಾವೇ ಸಿಕ್ಕಿಹಾಕಿಕೊಳ್ಳುತ್ತಿದ್ದರು, ನಗು ಬರುತ್ತಿತ್ತು. ಒಬ್ಬಳು ಹುಡುಗಿ ಫೋಟೋ ತೆಗೆದುಕೊಳ್ಳುತ್ತಾ, "ಅಕ್ಕಾ, ನೀವೇ ಲಕ್ಕಿ, ಎಂಥ ಜಾಗ!" ಎಂದಳು. "ಬಾ, ಅದಲು ಬದಲು ಮಾಡಿಕೊಳ್ಳೋಣ" ಎಂದೆ. ತಮಾಷೆ ಎಂದುಕೊಂಡು ನಕ್ಕು, ಊಟದ ಹೊತ್ತಿಗೆ ವ್ಯಾನು ಹತ್ತಿ ಹೋದಳು.

ಮನೆಯ ಯಜಮಾನಿಯನ್ನು ನಾನು ಅವ್ವಾ ಎಂದು ಕರೆಯುತ್ತಿದ್ದೆ. ಗಟ್ಟಿ ಹೆಂಗಸು. ಯಜಮಾನರು ಬೆಳಗಾದರೆ ಗದ್ದೆಗೋ ಮದ್ದೂರಿಗೋ ಹೊರಟುಬಿಡುತ್ತಿದ್ದರು, ಮನೆಯ ಆಡಳಿತವೆಲ್ಲ ಈಕೆಯದೇ. ಮಧ್ಯಾಹ್ನದ ಊಟಕ್ಕೆ ಕಬ್ಬು ಕಡಿಯಲು ಬಂದವರು, ನಾನು, ಮನೆಯ ನೆಂಟರು ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲು. ಕೋಳಿ ಸಾರು ಮಾಡಿದ ದಿನ ಯಾರ ತಟ್ಟೆಗೂ ಒಂದು ತುಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಮ್ಮೆ ಯಜಮಾನರು ತಮ್ಮ ಭಾವನಿಗೆ ಇನ್ನೆರಡು ತುಂಡು ಬಡಿಸೆಂದಾಗ, "ಎಲ್ರಿಗೂ ಬಡ್ಸೋಕೆ ಇದ್ರೆ ಬಡುಸ್ತೀನಿ, ಇಲ್ದಿದ್ರೆ ಸಾರು ಕುಡೀಲಿ" ಎಂದು ನೆಂಟನ ಮುಖದ ಮೇಲೇ ಹೇಳಿದ್ದಳು. ನನಗೆ ಆಕೆಯನ್ನು ಕಂಡರೆ ಸ್ವಲ್ಪ ಭಯ, ಬಹಳ ಇಷ್ಟ.

ಅರ್ಧ ಬೆಳೆ ಕಳೆದ ಮೇಲೂ ಆರು ಹೊಂಡದ ಮೀನುಗಳ ತೂಕ ಒಂದೇ ಸಮ ಬರುತ್ತಿತ್ತು. ತೌಡು ತಿಂದ ರೋಹು ಮೀನು, ಹುಳ ತಿಂದ ರೋಹು, ಎರಡೂ ಅಣ್ಣತಮ್ಮಂದಿರ ಹಾಗೆ. ತಕ್ಕಡಿ ಕೆಟ್ಟಿದೆಯೆಂದು ಬೇರೆ ತರಿಸಿದೆ. ಹೊಂಡದಿಂದ ಹೊಂಡಕ್ಕೆ ಮೀನು ದಾಟುತ್ತಿವೆಯೇ ಎಂದು ಬದುವಿನುದ್ದಕ್ಕೂ ತೂತು ಹುಡುಕಿದೆ. ಹುಳದ ಮೇವಿನ ಮೂಟೆಯೂ ಅಂದಾಜಿಗಿಂತ ಬೇಗ ಖಾಲಿಯಾಗುತ್ತಿತ್ತು, ಇಲಿಯ ಕಾಟವೆಂದು ಬೋನು ಇಟ್ಟೆ. ಬೋನಿಗೆ ಒಂದು ಇಲಿಯೂ ಬೀಳಲಿಲ್ಲ.

ಒಂದು ಮಧ್ಯಾಹ್ನ ಮಂಡ್ಯಕ್ಕೆಂದು ಹೊರಟು, ಬಸ್ಸು ತಪ್ಪಿಸಿಕೊಂಡು, ಸಿಡಿಮಿಡಿ ಎನ್ನುತ್ತಾ ವಾಪಸು ಬಂದೆ. ಅವ್ವ ಬದುವಿನ ಮೇಲೆ ನಿಂತಿದ್ದಳು. ಸೊಂಟದ ಮೇಲೆ ಬಾಂಡ್ಲಿ, ಬಾಂಡ್ಲಿ ತುಂಬ ನನ್ನ ಹುಳದ ಮೇವು. ಹಿಡಿಹಿಡಿಯಾಗಿ ತೌಡಿನ ಹೊಂಡಕ್ಕೆ ಎರಚುತ್ತಿದ್ದಳು.

"ಅವ್ವಾ, ಏನ್ ಮಾಡ್ತಾ ಇದ್ದೀರಿ?"

"ಕಾಣಕಿಲ್ವಾ? ಉಣ್ಣಕಿಕ್ತಾ ಇವ್ನಿ."

"ಅದು ಪಕ್ಕದ ಹೊಂಡದ್ದು! ಇದಕ್ಕಲ್ಲ!"

"ಗೊತ್ತು ಕಣಮ್ಮ. ನೀನು ಇಕ್ಕೋದ್ನ ದಿನಾ ನೋಡ್ತಾನೇ ಇವ್ನಿ. ಒಂದಕ್ಕೆ ಬಾಡೂಟ, ಪಕ್ಕದ್ದಕ್ಕೆ ಬರೀ ತೌಡು. ಒಂದೇ ಸಾಲಲ್ಲಿ ಕುಂತೋರ್ಗೆ ಯಾರಾದ್ರೂ ಇಂಗೆ ಬಡುಸ್ತಾರಾ? ಓದಿರೋ ಉಡ್ಗಿ, ಅಷ್ಟೂ ಗ್ಯಾನ ಬ್ಯಾಡ್ವಾ?"

"ಯಾವಾಗಿಂದ ಹಾಕ್ತಾ ಇದ್ದೀರಿ?"

"ನೀನು ಮರಿ ಬುಟ್ಯಲ್ಲ, ಆಗ್ಲಿಂದ್ಲೂವೆ. ನಿಂಗೆ ಏಳಿದ್ರೆ ಸುಮ್ಕೆ ಬ್ಯಾಸ್ರ ಮಾಡ್ಕತೀಯ ಅಂತ ಏಳ್ಲಿಲ್ಲ."

ನಾನು ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹೋದದ್ದು ನೆನಪಿದೆ. ಒಂದಕ್ಕೆ ಕಡಿಮೆ ಸಿಕ್ಕರೆ ತಾನೇ ಇನ್ನೊಂದಕ್ಕೆ ಹೆಚ್ಚು ಕೊಟ್ಟದ್ದರಿಂದ ಏನಾಯಿತೆಂದು ತಿಳಿಯುವುದು ಎಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂಗಾದ್ರೆ ಅವು ಸೊರಗ್ಲಿ ಅಂತ್ಲೇ ಸಾಕಿದ್ಯಾ?"

ಹೌದು ಎಂದೆ. ಅವಳು ಬಾಂಡ್ಲಿಯನ್ನು ನನ್ನ ಕಾಲ ಬಳಿ ಇಟ್ಟು ಮನೆಗೆ ಹೋದಳು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹುಳ ಹಾಕಿದರೂ ಅಷ್ಟೇ, ತೌಡು ಹಾಕಿದರೂ ಅಷ್ಟೇ ಎಂದು ಬರೆದು ಒಪ್ಪಿಸಿ ಕರಾವಳಿಯ ಬಸ್ಸು ಹತ್ತಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದನ್ನು ಓದಿ ಯಾರೋ ಬೆಸಗರಹಳ್ಳಿಯ ಕಡೆಯವರು ಹೊಂಡ ತೋಡಿಸಿ ಬರೀ ತೌಡು ಹಾಕುತ್ತಾ ಕೂರುತ್ತಾರೆ, ಮೀನು ಬೆಳೆಯಲಿಲ್ಲವೆಂದು ಹಣೆ ಚಚ್ಚಿಕೊಳ್ಳುತ್ತಾರೆ. ಆ ಚಿತ್ರ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಪ್ರಬಂಧದ ಮಾರ್ಗದರ್ಶಕರಿಗೆ ಫೋನು ಮಾಡಿದೆ.

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಹೇಳಿದ್ದು ಒಳ್ಳೆಯದಾಯ್ತಮ್ಮ. ಆದರೆ ಇದು ಲೆಕ್ಕಕ್ಕೆ ಬರೋದಿಲ್ಲ. ಹೊಂಡ ಖಾಲಿ ಮಾಡಿಸಿ, ಹೊಸ ಮರಿ ಬಿಡು. ಮೊದಲಿಂದ ಮಾಡೋಣ" ಎಂದರು. ಕರಾವಳಿಯವರಿಗೂ ಆಗಲೇ ಫೋನು ಮಾಡಿದೆ. ಅಷ್ಟು ದಿನ ಕಾಯಲಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು.

ಸಂಜೆ ಅವ್ವ ಕೊಟ್ಟಿಗೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಎದುರಿಗೆ ನಿಂತು ಹೇಳಿದೆ. ಕೆಲಸ ಹೋಯಿತು, ನಾನು ಇನ್ನೊಂದು ಬೆಳೆ ಇಲ್ಲೇ ಇರಬೇಕು ಎಂದೆ. ಅವಳ ಮುಖ ಅರಳಿತು.

"ಇನ್ನೊಂದು ಬೆಳೆ ಇರ್ತೀಯಾ? ಒಳ್ಳೇದೇ ಆಯ್ತು ಬುಡು. ನಿಂಗಿಲ್ಲಿ ಏನ್ ಕಮ್ಮಿ ಆಗದೆ?"

ನನಗೆ ಅಳು ಒತ್ತರಿಸಿ ಬಂತು. ಕಮ್ಮಿ ಏನೂ ಆಗಿರಲಿಲ್ಲ, ಅದೇ ಸಂಕಟ. "ಉಸಿರು ಕಟ್ತದೆ ಕಣವ್ವಾ ಇಲ್ಲಿ" ಎಂದೆ. "ಎದ್ರೆ ಕಬ್ಬು, ಬಿದ್ರೆ ಕಬ್ಬು. ಎಲ್ಲಿಗೂ ಹೋಗಂಗಿಲ್ಲ, ಯಾರ ಮೇಲೂ ಸಿಟ್ಟು ಮಾಡ್ಕೊಳಂಗೂ ಇಲ್ಲ. ನಿಮ್ಮಿಂದ ನಾನು ಇಲ್ಲೇ ಕೊಳೀಬೇಕು."

ಅವಳ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ.

"ನಂಗೂ ಅಂಗೇ ಆಗೋದು ಕಣ್ ಮಗ" ಎಂದಳು. "ಮದ್ವೆ ಮಾಡಿ ದುದ್ದದಿಂದ ಈ ಮನೆಗೆ ತಂದು ಬುಟ್ಟಾಗ. ಕಬ್ಬು ಎದ್ದಂಗೆಲ್ಲ ಇಲ್ಲಿ ಇಡ್ಕಳೋದು." ಬೆರಳಿನಿಂದ ಗಂಟಲು ತೋರಿಸಿದಳು.

ನಾನು ಮೂಗು ಒರೆಸಿಕೊಂಡು ಪಕ್ಕದಲ್ಲಿ ಕೂತೆ. ಇನ್ನೊಂದು ಬೆಳೆಯನ್ನು ಹೇಗಾದರೂ ಕಳೆಯುವ ದಾರಿ ನನಗೆ ಬೇಕಾಗಿತ್ತು.

"ಆಮೇಲೆ ಯಾವಾಗ ಸರಿಹೋಯ್ತವ್ವಾ?"

"ಸರಿ ಓಯ್ತು ಅಂತ ಯಾರಂದ್ರು?" ಎಂದು ಅವಳು ಮತ್ತೆ ಕಾಯಿ ಸುಲಿಯತೊಡಗಿದಳು.