ಮಾವನ ಟ್ಯಾಂಕಿಗೆ ಹನ್ನೊಂದು ಹಸಿರು

ಕಾಲುವೆ ಕೆಲಸ ನಡೆದಿದ್ದ ವರ್ಷಗಳಲ್ಲಿ ನಾನು ಶಹಾಪುರದ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರರು ಬರೆದ ನಕ್ಷೆಯನ್ನು ತೆಳು ಕಾಗದದ ಮೇಲೆ ತಿದ್ದಿ ಬಣ್ಣ ತುಂಬುವುದು ನನ್ನ ಕೆಲಸ. ಕಾಲುವೆಗೆ ನೀಲಿಯನ್ನೇ ಬಳಿಯಬೇಕೆಂದು ನಿಯಮ. ವರ್ಷಗಟ್ಟಲೆ ನೀಲಿ ಬಳಿದ ಮೇಲೆ ನಿಜವಾದ ನೀರು ಬಂತು. ನೋಡಿದರೆ ಚಹಾದ ಬಣ್ಣ. ಆದರೂ ನಿಯಮ ಬದಲಾಗಲಿಲ್ಲ. ಬಣ್ಣದ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಇಲ್ಲವೆಂಬ ನನ್ನ ಜಂಬವೂ ಬದಲಾಗಲಿಲ್ಲ.

ಆ ಜಂಬಕ್ಕೆ ಮನೆಯಲ್ಲೂ ಒಂದು ಕಾರಣವಿತ್ತು. ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದಾಗಲೆಲ್ಲ ಪ್ಲಾಸ್ಟಿಕ್ ತುಂಡುಗಳ ಒಂದು ಡಬ್ಬ ತರುತ್ತಿದ್ದೆ. ಅಂಟಿಸಿದರೆ ಅಂಗೈಯಗಲದ ಮಿಲಿಟರಿ ಜೀಪು, ಲಾರಿ, ಟ್ಯಾಂಕು. ಅಂಟಿಸುವುದು ಯಾರಿಗಾದರೂ ಬರುತ್ತದೆ, ಬಣ್ಣ ಆರಿಸುವುದೇ ವಿದ್ಯೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. "ಗೋಡಿಗೆ ಸುಣ್ಣ ಹಚ್ಚ್ರಿ ಅಂದ್ರ ಮಾತ್ರ ಇವರಿಗೆ ಕೈ ನೋಯ್ತಾವ" ಎಂದು ಹೆಂಡತಿಯೂ ಹೇಳುತ್ತಿದ್ದಳು.

ದೋರನಹಳ್ಳಿಯಲ್ಲಿದ್ದ ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಸೈನ್ಯದಿಂದ ನಿವೃತ್ತನಾಗಿ ಬಂದವನು. ಸೇರಿದ ಹೊಸದರಲ್ಲಿ ಅವನು ಒಂದು ಕಾಗದ ಬರೆದಿದ್ದ: "ನಾ ಇಲ್ಲಿ ಟ್ಯಾಂಕಿ ಹೊಡಿತೀನಿ." ನಮ್ಮ ಕಡೆ ಗಾಡಿ ನಡೆಸುವುದೂ ಹೊಡೆಯುವುದೇ. ಹಾಗಾಗಿ ಅವನು ಯುದ್ಧದ ಟ್ಯಾಂಕು ನಡೆಸುತ್ತಾನೆಂದು ಕೆಲವರು ತಿಳಿದರು. ವೈರಿಗಳ ಟ್ಯಾಂಕುಗಳನ್ನು ಹೊಡೆದು ಕೆಡವುತ್ತಾನೆಂದು ಉಳಿದವರು ತಿಳಿದರು. ಅವ್ವ ಈ ಎರಡನೆಯ ಪಂಗಡದವಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. "ನನ್ನ ತಮ್ಮ ಏಳು ಟ್ಯಾಂಕಿ ಹೊಡದಾನ" ಎನ್ನುತ್ತಿದ್ದಳು. ಏಳು ಎಂಬುದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಧ್ವಜ ಏರಿಸುವ ದಿನ ಮಾವನಿಗೆ ಮೊದಲ ಸಾಲಿನಲ್ಲಿ ಕುರ್ಚಿ.

ಒಮ್ಮೆ ಅಲ್ಲಿನ ಶಾಲೆಯ ಹೆಡ್‌ಮಾಸ್ತರರು ಮಾವನ ಟ್ಯಾಂಕಿನ ಮಾದರಿ ಮಾಡಿಕೊಡಿ, ಗಾಜಿನ ಕಪಾಟಿನಲ್ಲಿ ಇಡುತ್ತೇವೆ ಎಂದು ನನ್ನನ್ನು ಕೇಳಿದರು. ನಾನು ಹಿಗ್ಗಿಹೋದೆ. ಟ್ಯಾಂಕು ಅಂಟಿಸಿ ಮುಗಿಸಿ, ಬಣ್ಣಕ್ಕೆಂದು ಸುರಪುರದ ರಂಗಂಪೇಟೆಯ ಅಂಗಡಿಗೆ ಹೋಗಿ ಮಿಲಿಟರಿ ಹಸಿರು ಕೇಳಿದೆ.

"ಸಾಹೇಬ್ರ, ಹಸರ ಇರೂದ ಎರಡ್ರಿ" ಎಂದ ಅಂಗಡಿಯವ. "ಒಂದು ದರ್ಗಾಕ್ಕ ಹಚ್ಚೂದು, ಇನ್ನೊಂದು ಕಾಲುವಿ ಗೇಟಿಗೆ ಹಚ್ಚೂದು. ನಿಮಗ ಯಾವುದ್ರಿ?"

ಎರಡನ್ನೂ ತಂದು, ಕಪ್ಪು, ಹಳದಿ, ಕಂದು ಬೆರೆಸಿ, ಹನ್ನೊಂದು ಬೆಂಕಿಕಡ್ಡಿಗಳ ಮೇಲೆ ಹನ್ನೊಂದು ಹಸಿರು ಒಣಗಿಸಿ ದೋರನಹಳ್ಳಿಗೆ ಹೋದೆ. ಮಾವ ಕಟ್ಟೆಯ ಮೇಲೆ ಕುಳಿತು, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ, ಏಳನೆಯದನ್ನು ಬೇರೆ ಇಟ್ಟ. "ಇದ ನೋಡು, ಬರೋಬ್ಬರಿ."

"ನಳಿಗಿ ಬಣ್ಣನೂ ಇದನ ಏನು ಮಾವ?"

"ನಳಕ್ಕ ಯಾಕ ಬಣ್ಣ ಹಚ್ತಾರೋ ಅಳಿಯಾ? ಹಿತ್ತಾಳಿ ನಳಾ ಅವು. ಸಾಲಾಗಿ ನಾಕ ಇದ್ವು."

ತೋಪಿಗೆ ಹಿತ್ತಾಳೆಯ ನಾಲ್ಕು ನಳಿಗೆ! ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಪುಸ್ತಕ ಬರೆದವರಿಗೇ ಗೊತ್ತಿಲ್ಲವೆಂದು ಖುಷಿಯಾಗಿ ಪೆನ್ನು ತೆಗೆದೆ. "ನಾಕೂ ಒಮ್ಮಿಗೇ ಹಾರಸ್ತಿದ್ರೇನು?"

"ಹಾರಸೂದೇನೋ? ತಿರುವಿದ್ರ ನೀರ ಬರ್ತಿತ್ತು."

ನಾನು ಅವನ ಮುಖ ನೋಡಿದೆ. ಅವನು ಕಡ್ಡಿಗಳನ್ನು ನೋಡತೊಡಗಿದ. ಮರುಭೂಮಿಯಲ್ಲಿ ಸೈನಿಕರಿದ್ದಲ್ಲಿಗೆ ಕುಡಿಯುವ ನೀರು ಒಯ್ಯುವ ಟ್ಯಾಂಕರ್ ಲಾರಿ ಅವನದು. ಕೊನೆಯವರೆಗೂ ಅದೇ ಕೆಲಸ.

"ನಾ ಸುಳ್ಳ ಎಲ್ಲಿ ಹೇಳೀನಿ? ಟ್ಯಾಂಕಿ ಹೊಡಿತೀನಿ ಅಂದೆ, ಹೊಡದೀನಿ" ಎಂದ. ಆಮೇಲೆ ದನಿ ತಗ್ಗಿತು. "ರಜಾಕ್ಕ ಬರೂದ್ರಾಗ ಅಕ್ಕ ಓಣಿ ತುಂಬ ಹೇಳಿಬಿಟ್ಟಿದ್ಲು. ಅಕೀ ಖುಷಿ ನೋಡಿ ನನಗ ಬಾಯಿ ಬರಲಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಅದೂ ಸತ್ಯಕ್ಕಾಗಿ ಅಲ್ಲ, ಅಂಟಿಸಿಟ್ಟ ಟ್ಯಾಂಕು ದಂಡವಾಯಿತಲ್ಲ ಎಂದು. ಯುದ್ಧದ ಟ್ಯಾಂಕಿಗೇ ಏಳನೆಯ ಹಸಿರು ಬಳಿದು ಕೊಟ್ಟುಬಿಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಎಂದೆ. ಮಾವ ಬೇಡವೆಂದು ತಲೆಯಾಡಿಸಿದ.

"ಸಾಲಿ ಹುಡುಗ್ರಿಗೆ ಸುಳ್ಳ ತೋರ್ಸೂದು ಬ್ಯಾಡ. ನನ್ನ ಗಾಡೀನ ಮಾಡು. ಊರವರು ನಕ್ರ ನಗಲಿ. ಆದ್ರ ಅಕ್ಕನ ಮುಂದ ಹ್ಯಾಂಗ ನಿಂದ್ರಲಿ? ಅದೊಂದ ನನಗ ಅಂಜಿಕಿ."

ನನ್ನ ಬಳಿ ಇದ್ದ ಮಿಲಿಟರಿ ಲಾರಿಯ ಮೇಲೆ ಹಲ್ಲುಪುಡಿಯ ಸಣ್ಣ ಡಬ್ಬಿ ಕೂರಿಸಿದೆ. ಹಿಂದೆ ಸಾಲಾಗಿ ನಾಲ್ಕು ಹಿತ್ತಾಳೆಯ ಡ್ರಾಯಿಂಗ್ ಪಿನ್ನು. ಅವಕ್ಕೆ ಬಣ್ಣ ಹಚ್ಚಲಿಲ್ಲ. ಶಾಲೆಗೆ ಕೊಡುವ ಮೊದಲು ಅಕ್ಕ ನೋಡಲಿ ಎಂದು ಮಾವನೇ ಒಂದು ರವಿವಾರ ಶಹಾಪುರದ ನಮ್ಮ ಮನೆಗೆ ಬಂದ. ಮಾದರಿಯನ್ನು ಅವ್ವನ ಮುಂದಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದ ಕೂಸಿನ ಹಾಗೆ ನಿಂತ.

"ತೋಪ ಎಲ್ಲದ?" ಎಂದಳು ಅವ್ವ.

"ತೋಪ ಇಲ್ಲಕ್ಕ. ಇದು ಕುಡಿಯೂ ನೀರಿನ ಟ್ಯಾಂಕಿ. ನಾ ಹೊಡಿತಿದ್ದದ್ದು ಇದನ್ನ."

ಅವ್ವ ಅದನ್ನು ಎತ್ತಿ ತಿರುಗಿಸಿ ನೋಡಿದಳು. "ಹಂಗಾರ ಆ ಏಳು ಟ್ಯಾಂಕಿ?"

"ಅದು ನೀನ ಹೇಳಿದ್ದಕ್ಕ."

"ಅಂದ್ರ ನಿನ್ನ ಕೈಲೆ ಯಾರೂ ಸತ್ತಿಲ್ಲ?"

"ಯಾರೂ ಇಲ್ಲ."

ಅವ್ವ ಮಾದರಿಯನ್ನು ಕೆಳಗಿಟ್ಟು, ತಲೆ ನೆರೆತ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿ, ಗೋಡೆಗೆ ಒರಗಿ ಅಳತೊಡಗಿದಳು. "ಮೊದಲ ಹೇಳಾಕ ನಿನಗೇನಾಗಿತ್ತು? ಒಂದೊಂದ ಟ್ಯಾಂಕಿನಾಗ ನಾಕ್ನಾಕ ಮಂದಿ ಇರ್ತಾರಂತ ಯಾರೋ ಹೇಳಿದ್ರು. ಅವತ್ತಿಂದ ಪ್ರತಿ ಅಮಾಸಿಗೆ ಅವರ ತಾಯಂದಿರ ಹೆಸರಲೆ ದೀಪ ಹಚ್ಚಾಕತ್ತೀನಿ."

ಅಕ್ಕನ ಖುಷಿ ಕೆಡಬಾರದೆಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮಾವ ಅವಳ ಪಕ್ಕ ನೆಲಕ್ಕೆ ಕುಳಿತು, ಅವಳ ಕಣ್ಣೊರೆಸತೊಡಗಿದ.