ಹುರುಳಿಯ ಮೇಲೆ ಜಾರದ ಟೈರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಿಂತಾಮಣಿಯಲ್ಲಿ ಮೇಷ್ಟರಾಗಿದ್ದೆ. ನನ್ನ ಹತ್ತಿರ ಮುನ್ನೂರೈವತ್ತು ಸಿಸಿಯ ಒಂದು ಮೋಟಾರ್ ಸೈಕಲ್ ಇತ್ತು. ಪ್ರತಿ ಬೇಸಿಗೆ ರಜಕ್ಕೆ ನಾನೂ ನನ್ನ ಹೆಂಡತಿಯೂ ಅದರಲ್ಲಿ ಊರೂರು ಸುತ್ತುತ್ತಿದ್ದೆವು. ಹಂಪಿ, ಬೇಲೂರು, ಗೋಕರ್ಣ ಎಲ್ಲ ಮುಗಿಸಿ ಆ ವರ್ಷ ಕನ್ಯಾಕುಮಾರಿ ಎಂದು ತೀರ್ಮಾನಿಸಿದ್ದೆವು. ಅಷ್ಟರಲ್ಲಿ ಬಿದ್ದೆವು.

ಕೆಂಚಾರ್ಲಹಳ್ಳಿಯಿಂದ ವಾಪಸ್ಸು ಬರುವಾಗ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಬಸ್ಸು ಲಾರಿಗಳು ಓಡಾಡಿ ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಗಾಡಿ ಸರ್ರನೆ ಜಾರಿತು. ಅವಳ ಮೊಣಕೈ ತರಚಿತು. ನನಗೇನೂ ಆಗಲಿಲ್ಲ, ಅದೇ ಹೆಚ್ಚು ನಾಚಿಕೆ. ಆವತ್ತಿನಿಂದ ಅವಳು ಗಾಡಿ ಹತ್ತಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಶಿಡ್ಲಘಟ್ಟದ ತವರಿಗೂ ಬಸ್ಸಿನಲ್ಲೇ ಹೋಗಿಬಂದಳು. ಅವಳು ಹಿಂದೆ ಕೂರದಿದ್ದರೆ ನನಗೆ ಕನ್ಯಾಕುಮಾರಿಯೂ ಬೇಡವಾಗಿತ್ತು.

ತಪ್ಪೆಲ್ಲ ಟೈರಿನದು ಎಂದು ನಾನು ಸಾರಿದೆ. ನಮ್ಮ ತೆಲುಗು ಮೆಕ್ಯಾನಿಕ್ಕೂ ಹಿಂದಿನ ಟೈರನ್ನು ನೋಡಿ "ಅರಿಗಿಪೋಯಿಂದಿ" ಎಂದಿದ್ದ, ಸವೆದುಹೋಗಿದೆ ಎಂಬರ್ಥದಲ್ಲಿ. ಮನೆಯಲ್ಲಿ ಅದನ್ನೇ ಹೇಳಿದರೆ, ಅರಗೋಕೆ ಅದೇನು ಮುದ್ದೆಯೇ ಎಂದು ಕೇಳಿ ಅವಳು ಸೊಪ್ಪು ಬಿಡಿಸುತ್ತ ಕೂತಳು.

ಸರಿ, ಟೈರು ಹುಡುಕಲು ಹೊರಟೆ. ಚಿಕ್ಕಬಳ್ಳಾಪುರದ ಅಂಗಡಿಯವರು ಹಿಂದಿನ ಚಕ್ರಕ್ಕೆ ದಪ್ಪ ಬಟನ್ನಿನದು, ಎಂದರೆ ಮೈಮೇಲೆ ಉಬ್ಬುಗಂಟುಗಳಿರುವುದು, ಹಾಕಿಸಿ, ಮಣ್ಣಿನಲ್ಲೂ ಕಚ್ಚಿಕೊಳ್ಳುತ್ತದೆ ಎಂದರು. ಗೌರಿಬಿದನೂರಿನವರು ಅದು ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ, ದೂರದ ಪ್ರಯಾಣಕ್ಕೆ ಸಣ್ಣ ಬಟನ್ನೇ ಸರಿ ಎಂದರು. ಮುಂದಕ್ಕೆ ಉದ್ದುದ್ದ ಗೆರೆಯದೇ ಇರಬೇಕು ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಹಳೆಯದಕ್ಕೇ ಹೊಸ ರಬ್ಬರು ಕೂರಿಸಿಕೊಡುತ್ತೇವೆ ಎಂದವರಿಗೆ ದೂರದಿಂದಲೇ ಕೈಮುಗಿದೆ. ಬಹಳ ದಿನ ಅಂಗಡಿಯಲ್ಲಿ ಬಿದ್ದಿದ್ದ ಟೈರು ಗಟ್ಟಿಯಾಗಿಬಿಡುತ್ತದೆ ಎಂದು ಕೇಳಿ, ಕಂಡ ಟೈರಿಗೆಲ್ಲ ಉಗುರು ಒತ್ತಿ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಈ ಓಡಾಟ ನನಗೆ ಬಹಳ ಹಿಡಿಸಿತ್ತು. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟೊಂದು ವಿಚಾರಿಸಿರಲಿಲ್ಲ.

ಕೊನೆಗೆ ಚಿಂತಾಮಣಿಯಲ್ಲೇ ಒಂದು ಜೊತೆ ಆರಿಸಿದೆ, ಹಿಂದಕ್ಕೆ ಸಣ್ಣ ಬಟನ್ನಿನದು. ಹಾಕಿಸುವ ದಿನ ಅವಳನ್ನೂ ಅಂಗಡಿಗೆ ಬರಹೇಳಿದೆ. ಅವಳು ನಡೆದುಕೊಂಡೇ ಬಂದಳು. ಟೈರುಗಳನ್ನು ಒಮ್ಮೆ ಮುಟ್ಟಿ, ಇವು ಹುರುಳಿಯ ಮೇಲೆ ಜಾರುವುದಿಲ್ಲವೇ ಎಂದು ಅಂಗಡಿಯ ಯಜಮಾನರನ್ನು ಕೇಳಿದಳು. ಮೂರು ಊರು ಸುತ್ತಿದ ನಾನು ಯಾರನ್ನೂ ಅದನ್ನು ಕೇಳಿರಲಿಲ್ಲ.

"ಹುರುಳಿ ಮೇಲೆ ಯಾವ ಟೈರಾದ್ರೂ ಜಾರತ್ತಮ್ಮ," ಎಂದರು ಆ ವಯಸ್ಸಾದವರು. "ಅಲ್ಲಿ ಓಡಿಸೋರೇ ನಿಧಾನ ಮಾಡ್ಬೇಕು."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೇನೋ. ಆವತ್ತು ಹುರುಳಿ ಕಂಡ ಕೂಡಲೇ ಅವಳು ನಿಧಾನ, ನಿಧಾನ ಎಂದು ಎರಡು ಸಲ ಹೇಳಿದ್ದಳು. ಇಷ್ಟು ದಿನ ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ತಪ್ಪು ಟೈರಿನದಲ್ಲ, ನೀನು ಹೇಳಿದರೂ ಕೇಳದೆ ನಾನೇ ಜೋರಾಗಿ ಹೋದೆ ಎಂದು ಯಜಮಾನರ ಎದುರಿಗೇ ಒಪ್ಪಿಕೊಂಡೆ.

"ಇಷ್ಟು ಹೇಳಕ್ಕೆ ನಿಮ್ಗೆ ಎರಡು ಟೈರ್ ಬೇಕಾಯ್ತಾ?" ಎಂದಳು.

ಟೈರು ಕೂರಿಸಿ ಗಾಳಿ ತುಂಬುವ ತನಕ ಅಲ್ಲೇ ಬೆಂಚಿನ ಮೇಲೆ ಕಾದಳು. ನಾನು ಗಾಡಿ ಸ್ಟಾರ್ಟ್ ಮಾಡಿದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತಳು. ಮನೆ ತಲುಪುವವರೆಗೂ ನಾನು ಎರಡನೇ ಗೇರು ದಾಟಲಿಲ್ಲ.